ಅಡಿವೆಪ್ಪನ ಎಡ ಅಂಗೈ

ಬರ್ರಿ, ಸನೇಕ ಕುಂದರ್ರಿ. ಕೈಯಾಗಿನ ಕೆಲಸ ತುಸು ಬದಿಗಿಡ್ರಿ. ನಾನು ಕಣ್ಣಾರೆ ಕಂಡದ್ದನ್ನೇ ಹೇಳುತ್ತೇನೆ.

ಪೂಜ್ಯ ಗುರುಪಾದವ್ವ ತಾಯಿಯವರು ನಮ್ಮೂರ ಮಠದ ಪಡಸಾಲೆಯಲ್ಲಿ, ದಿಕ್ಕಿಲ್ಲದ ಮುದುಕರ ನಡುವೆ ವಾಸವಾಗಿದ್ದರು. ಒಂದು ಚಾಪೆ, ಒಂದು ತಂಬಿಗೆ, ಅಷ್ಟೇ ಅವರ ಸಂಸಾರ. ನಾನು ಅಲ್ಲಿ ಜೋಳ ಬೀಸಿಕೊಡುತ್ತಿದ್ದೆ.

ಒಂದು ಮುಂಜಾನೆ ನೇಕಾರ ಅಡಿವೆಪ್ಪ ಬಂದ. ಮೂವತ್ತು ವರ್ಷದಲ್ಲಿ ಒಂದು ದಿನವೂ ಎಡ ಅಂಗೈಯಲ್ಲಿ ಲಿಂಗವಿಟ್ಟು ಪೂಜಿಸುವುದನ್ನು ತಪ್ಪಿಸದವನು. ಬಂದವನೇ ಕೊರಳಿನ ಲಿಂಗ ಬಿಚ್ಚಿ ತಾಯಿಯವರ ಮುಂದಿಟ್ಟ. ನನ್ನ ಕೈಯಲ್ಲಿ ಬೀಸುಕಲ್ಲು ನಿಂತೇಹೋಯಿತು. ಜೀವ ಹೋದರೂ ಲಿಂಗ ಬಿಚ್ಚಬಾರದೆಂದು ಕಲಿತವಳು ನಾನು.

“ಯವ್ವಾ, ನಂಬಿಕಿ ಹೋತ್ರಿ. ಕಷ್ಟ ಬಂದಿಲ್ಲ, ಯಾರೂ ಸತ್ತಿಲ್ಲ. ಅಂಗೈಯಾಗ ಇಟ್ಟು ನೋಡಿದರ ಬರೇ ಕಲ್ಲು ಕಾಣತೈತಿ. ಸುಳ್ಳು ಪೂಜಿ ಮಾಡಲಾರೆ. ಆದರ ಹೊತ್ತು ಮೂಡೂದಕ್ಕ ಎಡಗೈ ತಾನ ಬಿಚ್ಚತೈತ್ರಿ, ಅದರಾಗ ಏನೂ ಇಲ್ಲ. ಇನ್ನ ಯಾತಕ್ಕ ಬದುಕಲಿ ನಾ?”

ನನಗೆ ತಡೆಯಲಾಗಲಿಲ್ಲ. “ಹೊರಗ ನಿಂತು ಮಾತಾಡೋ ಮಾರಾಯಾ, ಮಠ ಮೈಲಿಗಿ ಆಗತೈತಿ” ಎಂದೆ.

“ನೀ ಬೀಸವಾ” ಎಂದರು ತಾಯಿಯವರು. ಲಿಂಗವನ್ನು ಕಣ್ಣಿಗೊತ್ತಿಕೊಂಡು ಗೋಡೆಯ ಗೂಡಿನಲ್ಲಿಟ್ಟರು. ಮೂಲೆಯಲ್ಲಿ ಭೀಮವ್ವ ಮಲಗಿದ್ದಳು. ಲಕ್ವಾ ಹೊಡೆದು ಆಕೆಯ ಕತ್ತು ನಿಲ್ಲುತ್ತಿರಲಿಲ್ಲ. ತಾಯಿಯವರು ಆ ತಲೆಯನ್ನೆತ್ತಿ ಅಡಿವೆಪ್ಪನ ಎಡ ಅಂಗೈಯಲ್ಲಿಟ್ಟರು. ಬಲಗೈಗೆ ಅಂಬಲಿಯ ಚಮಚ ಕೊಟ್ಟರು.

ಅವನು ಕಹಿಯಾಗಿ ನಕ್ಕ. “ಇದೂ ದೇವರ ಪೂಜೀನ ಅಂತೀರಿ, ಹೌದಿಲ್ರಿ?”

“ಇಲ್ಲಪಾ. ಈಕಿ ಭೀಮವ್ವ. ಹಸಿದಾಳ.”

ಅಷ್ಟೇ ನುಡಿದರು. ಗುರುವಿನ ಬಾಯಲ್ಲೇ ದೇವರ ಹೆಸರು ಬರಲಿಲ್ಲವಲ್ಲ ಎಂದು ನಾನು ದಂಗುಬಡಿದು ಕುಳಿತೆ.

“ಊದಿ ಕುಡಸೋ ಮಂಗ್ಯಾ, ಬಾಯಿ ಸುಡತೈತಿ” ಎಂದಳು ಭೀಮವ್ವ, ತೊದಲುತ್ತ. ಅವನು ಊದಿದ.

ಭೀಮವ್ವ ಇನ್ನೆರಡು ಮಳೆಗಾಲ ಬದುಕಿ, ಆ ಅಂಗೈಯಲ್ಲೇ ಕಣ್ಣು ಮುಚ್ಚಿದಳು. ಅಡಿವೆಪ್ಪ ದಿನಾ ಮುಂಜಾನೆ ಬಂದು, ಕೈಲಾಗದವರಿಗೆ ಅಂಬಲಿ ಕುಡಿಸಿ, ಆಮೇಲೆ ಮಗ್ಗಕ್ಕೆ ಕೂರುತ್ತಿದ್ದ. ದೇವರಿಗೆ ಕೈಮುಗಿದದ್ದನ್ನು ಮಾತ್ರ ಯಾರೂ ಕಾಣಲಿಲ್ಲ. ಕಡೆಗಾಲದಲ್ಲಿ ತಾಯಿಯವರ ತಲೆಯನ್ನೂ ಅವನೇ ಹಿಡಿದ. “ಕೇಳಿದರ ಅವನ ಲಿಂಗ ಕೊಡು, ಕೇಳದಿದ್ದರ ಬಿಡು” ಎಂದು ನನಗೆ ಹೇಳಿ ತಾಯಿಯವರು ಲಿಂಗೈಕ್ಯರಾದರು.

ಅಡಿವೆಪ್ಪ ತೀರಿದಾಗ, ಹೂಳುವ ಮೊದಲು ಎಡಗೈಯಲ್ಲಿ ಲಿಂಗ ಇಡಬೇಕು, ತಾ ಎಂದರು ಊರವರು. ಅಂದು ಹೊರಗೆ ನಿಲ್ಲೆಂದು ಅವನಿಗೆ ಹೇಳಿದವಳು ನಾನೇ. ಈಗ “ಅವ ಲಿಂಗ ಕೇಳಿಲ್ಲ” ಎಂದೆ. ಆ ಅಂಗೈ ಹೇಗೆ ಬಿಚ್ಚಿತ್ತೋ ಹಾಗೆಯೇ ಮಣ್ಣು ಮುಚ್ಚಿದೆವು.

ಲಿಂಗ ಇವತ್ತಿಗೂ ಗೂಡಿನಲ್ಲಿದೆ. ದಿನಾ ಒರೆಸಿಟ್ಟು, ಮೂಲೆಯ ಮುದುಕಿಗೆ ಅಂಬಲಿ ಕುಡಿಸುತ್ತೇನೆ. ನನ್ನ ಪೂಜೆ ಆಮೇಲೆ.