ಖಾಲಿ ಬಿಡಲು ಬಾರದ ಬಾಕ್ಸ್

ಗದಗಿನ ಒಂದು ಕಂಪ್ಯೂಟರ್ ತರಬೇತಿ ಕೇಂದ್ರದಲ್ಲಿ ಮಂಗಳವಾರ ಬೆಳಿಗ್ಗೆ ಹತ್ತೂಕಾಲಿಗೆ ಒಂದು ಬಾಕ್ಸ್ ಖಾಲಿ ಉಳಿಯಿತು. ಪ್ರಾಣಹಾನಿಯಾದ ವರದಿ ಇಲ್ಲ. ಆದರೆ ಪರದೆಯ ಮೇಲೆ ಫಾರಂ ಕಟ್ಟುತ್ತಿದ್ದ ನಾಗವೇಣಿ ಎಂಬ ವಿದ್ಯಾರ್ಥಿನಿ ಕೆಲಸ ನಿಲ್ಲಿಸಿ, ತನ್ನ ಗುರುಗಳಾದ ಅಂದಾನಪ್ಪ ಮಾಸ್ತರರ ಮೇಜಿನ ಬಳಿಗೆ ಹೋದಳು.

"ಸರ್, ಒಂದು ಬಾಕ್ಸ್ ಖಾಲಿ ಇದ್ದರೂ ಫಾರಂ ಸೇವ್ ಆಗಲು ಬಿಡಬೇಕೇ? ಎಲ್ಲವನ್ನೂ ತುಂಬಲೇಬೇಕೆಂದು ಕಡ್ಡಾಯ ಮಾಡಿದರೆ ತಪ್ಪೇನು?"

ಮಾಸ್ತರರು ಕತೆ ಹೇಳಿದರು.

ಒಂದು ಊರಿನ ಕಚೇರಿಗೆ ಒಬ್ಬ ಪ್ರೋಗ್ರಾಮರ್ ಒಂದು ವಿಂಡೋ ಕಟ್ಟಿಕೊಟ್ಟ. ಊರಿನವರನ್ನೆಲ್ಲ ನೋಂದಾಯಿಸುವ ಫಾರಂ ಅದು. ಹೆಸರು, ಬೀದಿ, ಕಸುಬು, ಹುಟ್ಟಿದ ತಾರೀಖು. ಕೊನೆಯಲ್ಲಿ, ಸತ್ತ ತಾರೀಖು. ಒಂದೇ ಫಾರಂನಲ್ಲಿ ಎಲ್ಲ ಮುಗಿಯಲಿ ಎಂಬುದು ಅವನ ಶಿಸ್ತು. ಎಲ್ಲ ಬಾಕ್ಸ್ ತುಂಬುವ ತನಕ ಸೇವ್ ಬಟನ್ ಒತ್ತಲು ಬಾರದಂತೆ ಬೂದುಬಣ್ಣದಲ್ಲಿ ಇರುತ್ತಿತ್ತು. ಒಮ್ಮೆ ಸೇವ್ ಆದದ್ದನ್ನು ತಿದ್ದಲು ಬರುತ್ತಿರಲಿಲ್ಲ.

ಮೊದಲ ದಿನ ಒಬ್ಬ ದರ್ಜಿ ಬಂದ. ಗುಮಾಸ್ತನ ಕೈ ಕೊನೆಯ ಬಾಕ್ಸಿಗೆ ಬಂದು ನಿಂತಿತು. ಖಾಲಿ ಇರಲು ಆ ಬಾಕ್ಸಿಗೆ ಬರುತ್ತಿರಲಿಲ್ಲ. ತೆರೆದ ಕೂಡಲೇ ಅಂದಿನ ತಾರೀಖು ತೋರಿಸುತ್ತಿತ್ತು. ಎದುರಿಗೇ ನಿಂತವನಿಗೆ ಇವತ್ತಿನ ತಾರೀಖು ಹಾಕುವುದು ಗುಮಾಸ್ತನಿಗೆ ಸರಿಯೆನಿಸಲಿಲ್ಲ. ಪ್ರೋಗ್ರಾಮರನಿಗೆ ಫೋನ್ ಮಾಡಿದ. ಏನಾದರೊಂದು ಹಾಕಿಬಿಡಿ, ಆಮೇಲೆ ನೋಡೋಣ ಎಂದು ಉತ್ತರ ಬಂತು.

ಗುಮಾಸ್ತ ಸಜ್ಜನ. ಮುಖ ನೋಡಿ ಹಾಕುತ್ತ ಹೋದ. ಮಕ್ಕಳಿಗೆ ಇನ್ನು ಎಪ್ಪತ್ತು ವರ್ಷ, ಮುದುಕರಿಗೆ ಎಂಟು, ಕೆಮ್ಮುವವರಿಗೆ ಎರಡು, ಸರತಿ ಮುರಿದು ನುಗ್ಗಿದವರಿಗೆ ಒಂದು. ದರ್ಜಿ ಕೆಮ್ಮುತ್ತಿದ್ದ.

ವರ್ಷ ಕಳೆಯಿತು. ಸರತಿ ಮುರಿದಿದ್ದ ಬಳೆ ವ್ಯಾಪಾರಿಯೊಬ್ಬ ತನ್ನ ತಾರೀಖಿಗೆ ತೀರಿಕೊಂಡ. ಗುಮಾಸ್ತ ಕಾಕತಾಳೀಯ ಎಂದುಕೊಂಡ. ಎರಡು ವರ್ಷ ತುಂಬಿದಾಗ ದರ್ಜಿ ಹೋದ. ಅದೇ ತಿಂಗಳು ಇನ್ನೂ ಏಳು ಜನ ಹೋದರು. ಯಾರೂ ಒಂದು ದಿನ ಹಿಂದಾಗಲಿಲ್ಲ, ಮುಂದಾಗಲಿಲ್ಲ. ಇಷ್ಟು ನಿಖರವಾದ ದಾಖಲೆ ಜಿಲ್ಲೆಯಲ್ಲೇ ಇಲ್ಲವೆಂದು ಮೇಲಧಿಕಾರಿಗಳು ಪ್ರಶಂಸಾಪತ್ರ ಕಳಿಸಿದರು.

ಗುಮಾಸ್ತ ಪತ್ರ ಮಡಚಿಟ್ಟು ಪ್ರೋಗ್ರಾಮರನನ್ನು ಕರೆಸಿದ. ಪ್ರೋಗ್ರಾಮರ್ ಎಲ್ಲ ಕೇಳಿ ನಕ್ಕ. ನೌಕರಿ ಬಿಟ್ಟು ಜ್ಯೋತಿಷ್ಯಕ್ಕೆ ಕೂತುಕೊಳ್ಳಿ ರಾಯರೇ, ಕೈ ಚೆನ್ನಾಗಿದೆ ಎಂದ. ಗುಮಾಸ್ತ ನಗಲಿಲ್ಲ. ಎಲ್ಲಕ್ಕಿಂತ ಮೊದಲಿನ ದಾಖಲೆ ತೆರೆದು ಪರದೆಯನ್ನು ಅವನತ್ತ ತಿರುಗಿಸಿದ.

"ಇದು ನಾನು ಹಾಕಿದ್ದಲ್ಲಪ್ಪ."

ಅಲ್ಲಿದ್ದುದು ಪ್ರೋಗ್ರಾಮರನದೇ ಹೆಸರು. ಫಾರಂ ಕೆಲಸ ಮಾಡುತ್ತದೆಯೇ ಎಂದು ನೋಡಲು ಅವನೇ ತನ್ನ ಹೆಸರು ಹಾಕಿ, ತಾರೀಖಿನ ಬಾಣವನ್ನು ಮನಸ್ಸಿಗೆ ಬಂದಷ್ಟು ಸಲ ಒತ್ತಿ, ಸೇವ್ ಮಾಡಿ ಮರೆತಿದ್ದ. ಅಂದು ಗುರುವಾರ. ಪರದೆಯ ಮೇಲಿದ್ದುದು ಮರುದಿನದ ತಾರೀಖು.

ಅವನು ಅಲ್ಲೇ ಕೂತು ತಿದ್ದುವ ಬಟನ್ ಕಟ್ಟಿದ. ಮಧ್ಯಾಹ್ನಕ್ಕೆ ಅದು ಸಿದ್ಧವಾಯಿತು. ತನ್ನ ತಾರೀಖನ್ನು ಅಳಿಸಿದ. ಬಾಕ್ಸ್ ಖಾಲಿಯಾಗಲಿಲ್ಲ, ಅಂದಿನ ತಾರೀಖು ತೋರಿಸಿ ಕಾದು ಕೂತಿತು. ಹತ್ತು ವರ್ಷ ಮುಂದೆ ಹೋದ. ಮಗಳಿಗೆ ಆಗ ಹದಿನಾಲ್ಕು. ಮೂವತ್ತು ವರ್ಷ ಹೋದ. ಅದು ಸೋಮವಾರ ಬಿತ್ತು, ಯಾಕೋ ಬೇಡವೆನಿಸಿತು. ಅರವತ್ತು ವರ್ಷ ಹೋದ. ಅಷ್ಟು ಕಾಲ ತನ್ನನ್ನು ನೋಡಿಕೊಳ್ಳುವವರು ಯಾರೆಂದು ತಿಳಿಯಲಿಲ್ಲ. ಯಾವ ತಾರೀಖು ಬಂದರೂ ಅವನ ಬೆರಳು ಸೇವ್ ಬಟನ್ನಿನ ಮೇಲೆ ಇಳಿಯಲಿಲ್ಲ. ಸಂಜೆ ಗುಮಾಸ್ತ ಬಾಗಿಲು ಹಾಕಬೇಕೆಂದ. ಶುಕ್ರವಾರ ಕಚೇರಿ ತೆರೆಯುವ ಮೊದಲೇ ಪ್ರೋಗ್ರಾಮರ್ ಬಂದು ನಿಂತಿದ್ದ. ಮತ್ತೆ ಕೂತ.

ಮಾಸ್ತರರು ಅಲ್ಲಿಗೆ ನಿಲ್ಲಿಸಿದರು. ನಾಗವೇಣಿ ಕೇಳಿದಳು.

"ಕೊನೆಗೆ ಯಾವ ತಾರೀಖು ಆರಿಸಿದ, ಸರ್?"

"ಯಾವುದನ್ನೂ ಆರಿಸಲಿಲ್ಲ, ಆ ಬಾಕ್ಸನ್ನೇ ತೆಗೆದುಹಾಕಬಹುದೆಂದು ಅದನ್ನು ಇಟ್ಟವನಿಗೇ ಹೊಳೆಯದೆ, ಅಂದೇ ಮಧ್ಯಾಹ್ನ ಮೂರೂವರೆಗೆ ತೀರಿಕೊಂಡ."