ಚೆನ್ನವೀರ ತೆಗೆದ ಕಾವಲು

ಮಲಪ್ರಭೆಯ ದಂಡೆಯಲ್ಲೊಂದು ಮಠ. ಹಸಿದು ಬಂದವರ ಹೆಸರು, ಊರು ಕೇಳುವ ಪದ್ಧತಿ ಅಲ್ಲಿಲ್ಲ. ಬಂದ, ಕೂತ, ಉಂಡ, ಅಷ್ಟೇ.

ಅಲ್ಲಿಯ ಗುರುಗಳನ್ನು ಎಲ್ಲರೂ ಅಜ್ಜಾರು ಅನ್ನುತ್ತಿದ್ದರು. ಭಕ್ತರು ಸಂಕಟ ಬರೆದು ಕಳಿಸಿದರೆ, ಅಜ್ಜಾರು ಹೇಳಿದ ಉತ್ತರವನ್ನು ಶಿಷ್ಯ ಚೆನ್ನವೀರ ಮಠದ ಕಂಪ್ಯೂಟರಿನಿಂದ ಇಮೇಲ್ ಮಾಡುತ್ತಿದ್ದ.

ಒಂದು ಮಧ್ಯಾಹ್ನ ನೀಲವ್ವ ಅಳುತ್ತ ಬಂದಳು.

"ಅಜ್ಜಾರ, ನೀವು ಪತ್ರದಾಗ ಬರದಂಗ ಸಕ್ಕರಿ ಕಾಯಿಲೆ ಗುಳಿಗಿ ಬಿಡಿಸಿ, ಪುಡಿ ತರಿಸಿ ಕೊಟ್ಟೆ. ನಮ್ಮನಿಯವರು ಎಚ್ಚರ ತಪ್ಪಿ ದವಾಖಾನ್ಯಾಗ ಅದಾರ್ರಿ!"

ಅಜ್ಜಾರು ಅಂಥದ್ದೇನೂ ಬರೆಸಿರಲಿಲ್ಲ. ಆದರೆ ಅವಳ ಫೋನಿನಲ್ಲಿ ಪತ್ರವಿತ್ತು, ಮಠದ ವಿಳಾಸದಿಂದಲೇ.

ಅಜ್ಜಾರು ಎದ್ದು ಹೋಗಿ ಕಂಪ್ಯೂಟರಿನ ಇಂಟರ್ನೆಟ್ ವೈರು ಕಿತ್ತರು. ಆಮೇಲೆ ಶಿಷ್ಯನನ್ನು ಕರೆದುಕೊಂಡು ದವಾಖಾನೆಗೆ ನಡೆದರು. ನೀಲವ್ವನ ಗಂಡ ಕಣ್ಣು ಬಿಡುವವರೆಗೆ ಅಲ್ಲಿಂದ ಕದಲಲಿಲ್ಲ.

ಪೇಟೆಯಿಂದ ಬಂದ ರಿಪೇರಿಯವನು ಕಂಪ್ಯೂಟರ್ ತೆಗೆದು ನೋಡಿದ. ಹೊರಗಿನ ಯಾರದೋ ಪ್ರೋಗ್ರಾಂ ಒಳಗೆ ಸೇರಿಕೊಂಡು, ಭಕ್ತರಿಗೆಲ್ಲ ಮಠದ ಹೆಸರಲ್ಲಿ ಪತ್ರ ಕಳಿಸುತ್ತಿತ್ತಂತೆ.

"ಫೈರ್‌ವಾಲ್ ಯಾರು ಬಂದ್ ಮಾಡ್ಯಾರ?" ಅಂದ ಅವನು.

ಚೆನ್ನವೀರ ಮುಂದೆ ಬಂದ.

"ಏನಪಾ ಅದು ಫೈರ್‌ವಾಲ್?" ಅಜ್ಜಾರು ಕೇಳಿದರು.

"ಬಾಗಲಾ ಕಾಯೋದ್ರಿ," ಅಂದ ಚೆನ್ನವೀರ. "ಹೊರಗಿಂದ ಏನರ ಬಂದರ, ಒಳಗಿಂದ ಏನರ ಹೊಂಟರ, ಬಿಡ್ಲ್ಯಾ ಬ್ಯಾಡಾ ಅಂತ ಕೇಳತಿತ್ತು. ತಲಿ ತಿಂದುಬಿಡ್ತು. ನಾನ ತಗದೆ."

"ತಗಿಯುವಾಗ ಏನಂದ್ಕೊಂಡಿ?"

"ನಮ್ಮ ಮಠದಾಗ ಬಂದವರನ್ನ ತಡಿಯೂದಿಲ್ಲಲ್ರಿ. ಮತ್ತ, ಸನ್ಯಾಸಿಗಳ ಕಡೆ ಕದಿಯಾಕ ಏನೈತಿ ಅಂದ್ಕೊಂಡೆ."

ಅಜ್ಜಾರು ಬೈಯಲಿಲ್ಲ. ಊಟದ ಮನೆಯಲ್ಲಿ ಯಾರೋ ದಾರಿಹೋಕ ಉಂಡು ಕೈ ತೊಳೆಯುತ್ತಿದ್ದ. ಅವನ ಕಡೆ ಬೆರಳು ತೋರಿಸಿದರು.

"ಅವನ್ನ ಕರಿ. ನನ್ನ ಪೀಠದ ಮ್ಯಾಲ ಕುಂದರಸು. ಇವತ್ತ ಭಕ್ತರಿಗೆ ಅವನೇ ಉತ್ತರ ಹೇಳಲಿ."

"ಅಯ್ಯ, ಅದ್ಹೆಂಗ್ರಿ! ಅವ ಯಾರೋ ಏನೋ!"

"ಊಟಕ್ಕ ಎಲಿ ಹಾಕುವಾಗ ನೀ ಕೇಳಲಿಲ್ಲಲ್ಲ?"

"ಉಣ್ಣೂದು ಬ್ಯಾರೆ, ಪೀಠ ಬ್ಯಾರೆ ಅಜ್ಜಾರ!"

"ನೀನ ಅಂದಿ. ನಾ ಅನಲಿಲ್ಲ."

ಚೆನ್ನವೀರ ತಲೆ ತಗ್ಗಿಸಿದ. "ಆದ್ರ ಕದಿಯಾಕ ಏನಿತ್ರಿ ನಮ್ಮ ಕಡೆ?"

"ನೀಲವ್ವ ನನ್ನ ಮಾತು ನಂಬತಿದ್ಲು. ಅದನ್ನ ನಿನ್ನ ಕೈಯಾಗ ಕೊಟ್ಟಿದ್ದೆ."

ಚೆನ್ನವೀರ ಗಳಗಳ ಅತ್ತ.

ರಿಪೇರಿಯವನು ಕಂಪ್ಯೂಟರನ್ನು ಪೂರ್ತಿ ಅಳಿಸಿ ಹೊಸದಾಗಿ ಸಿದ್ಧಮಾಡಿಕೊಟ್ಟ. ಚೆನ್ನವೀರ ಮೊದಲು ಫೈರ್‌ವಾಲ್ ಹಾಕಿದ, ಆಮೇಲೆ ವೈರು ಜೋಡಿಸಿದ. ಹಿಂದಿನ ಪತ್ರ ನಂಬಬೇಡಿ ಎಂದು ಎಲ್ಲ ಭಕ್ತರಿಗೂ ತಾನೇ ಫೋನು ಮಾಡಿ ಹೇಳಿದ. ಬೈದವರ ಬೈಗುಳವನ್ನೂ ಕೇಳಿಸಿಕೊಂಡ.

ನೀಲವ್ವನ ಗಂಡ ಮನೆಗೆ ಬಂದ ದಿನ ಅಜ್ಜಾರು ತಮ್ಮ ಮೊಬೈಲಿನಿಂದ ಅವಳಿಗೆ ಫೋನು ಹಚ್ಚಿದರು.

"ಯವ್ವಾ, ನಾ ಮಠದ ಅಜ್ಜ."

"ಆ ಪತ್ರದಾಗೂ ಹಂಗ ಬರದಿತ್ರಿ," ಅಂದಳು ನೀಲವ್ವ. "ಫೋನ್ ಇಡ್ರಿ. ಮಠದ ನಂಬರಿಗೆ ನಾನ ಮಾಡ್ತೀನಿ."

ಫೋನು ಕಟ್ಟಾಯಿತು. ಪಕ್ಕದಲ್ಲಿ ಕೇಳುತ್ತಿದ್ದ ಚೆನ್ನವೀರ ಕುಗ್ಗಿಹೋದ. "ನಿಮ್ಮ ದನಿನೂ ನಂಬಲಾರದಂಗ ಮಾಡಿಬಿಟ್ಟೆ ಅಜ್ಜಾರ."

ಅಜ್ಜಾರು ಹೊಟ್ಟೆ ತುಂಬ ನಕ್ಕರು. "ಹುಚ್ಚಪ್ಪಾ, ಅಕಿ ಶ್ಯಾಣ್ಯಾಕಿ ಆಗ್ಯಾಳ."

ಅಷ್ಟರಲ್ಲಿ ಮಠದ ಫೋನು ಹೊಡೆದುಕೊಂಡಿತು. ಚೆನ್ನವೀರ ಓಡಿದ.

"ನೀಲವ್ವನೇ ಇರಬೇಕ್ರಿ!"

"ಇರಬೇಕು ಅನಬ್ಯಾಡೋ. ಯಾರು ಅಂತ ಕೇಳು."