ಮೊದಲ ತುತ್ತಿನ ಕಟ್ಟೆ

ಕೆಂಪುಗುಡ್ಡದ ಬಡಗಣ ಬುಡದಲ್ಲಿ, ಕೊಂಚಿಹಾಳದ ಮನೆಗಳು ಮುಗಿದು ಏರು ಶುರುವಾಗುವ ತಿರುವಿನಲ್ಲಿ, ಒಂದು ಬಸರಿ ಮರವಿದೆ. ಅದರ ಸುತ್ತ ಕಟ್ಟಿದ ಚಪ್ಪಡಿಗಲ್ಲಿನ ಕಟ್ಟೆಯನ್ನು ಆ ಸೀಮೆಯವರು ಮೊದಲ ತುತ್ತಿನ ಕಟ್ಟೆ ಎನ್ನುತ್ತಾರೆ. ಈಗ ಡಾಂಬರು ರಸ್ತೆ ಅದರ ಮಗ್ಗುಲಿಗೇ ಹಾದು ಹೋಗಿದೆ. ಏರು ಹತ್ತುವ ಮುನ್ನ ಲಾರಿಗಳು ಅಲ್ಲಿ ನಿಲ್ಲುತ್ತವೆ, ಬಸ್ಸುಗಳೂ ನಿಲ್ಲುತ್ತವೆ. ಕಟ್ಟೆಗೆ ಎದುರಾಗಿ ಒಂದು ತಗಡಿನ ಖಾನಾವಳಿ. ಅಲ್ಲಿ ಸಿಗುವುದು ಒಂದೇ ತಿನಿಸು, ಜೋಡುರೊಟ್ಟಿ. ಎರಡು ಬಿಸಿ ಜೋಳದ ರೊಟ್ಟಿಗಳ ನಡುವೆ ಎಣ್ಣೆಗಾಯಿ ಬದನೆಯನ್ನು ಹಿಸುಕಿ ಹರಡಿ, ಮೇಲೆ ಅಗಸಿ ಹಿಂಡಿ ಎಂಬ ಚಟ್ನಿಪುಡಿ ಉದುರಿಸಿ, ಅಂಗೈಯಿಂದ ಒಮ್ಮೆ ಒತ್ತಿ ಕೊಡುತ್ತಾರೆ. ಗುಡ್ಡದ ಆಚೆ ಬುಡದ ಕಲ್ಲೊಡ್ಡದಲ್ಲಿಯೂ ಜೋಡುರೊಟ್ಟಿ ಉಂಟು. ಅಲ್ಲಿ ನಡುವೆ ಕೆಂಪು ಚಟ್ನಿ, ಹಸಿ ಉಳ್ಳಾಗಡ್ಡಿ. ಯಾವ ಊರಿನದು ಹೆಚ್ಚು ಎಂಬ ವಾದ ಇಂದಿಗೂ ಮುಗಿದಿಲ್ಲ. ಎರಡು ಊರಿನವರೂ ಹೆಣ್ಣು ಕೊಟ್ಟು ಹೆಣ್ಣು ತರುತ್ತಾರೆ, ಆದರೆ ಮಾವನ ಊರಿನ ಜೋಡುರೊಟ್ಟಿಯನ್ನು ಹೊಗಳಿ ಬಂದ ಅಳಿಯನಿಗೆ ತನ್ನ ತಾಯಿಯ ಕೈಯಲ್ಲಿ ಎರಡು ದಿನ ಸಪ್ಪೆ ಊಟ ತಪ್ಪಿದ್ದಲ್ಲ. ಇಲ್ಲಿ ತಿನ್ನುವವರೂ ಸುಮ್ಮನೆ ತಿನ್ನುವುದಿಲ್ಲ. ಮೇಲಿನ ರೊಟ್ಟಿಯ ತುದಿಯನ್ನು ಬೆರಳಿನಿಂದ ಎತ್ತಿ ಒಳಗೆ ಇಣುಕುತ್ತಾರೆ. ಹೊಸಬರು ಹುಳು ನೋಡುತ್ತಿದ್ದಾರೆಂದು ತಿಳಿಯುತ್ತಾರೆ. ಅದಲ್ಲ. ಈ ದಾರಿಗೂ ಅನುಮಾನಕ್ಕೂ ಬಹಳ ಹಳೆಯ ನಂಟು.

ಹಿಂದೆ ಒಮ್ಮೆ, ಗಾಡಿಗಳು ಈ ಗುಡ್ಡ ಹತ್ತುವುದಕ್ಕೆ ಮೊದಲು, ಇದು ಹೇರೆತ್ತುಗಳ ದಾರಿಯಾಗಿತ್ತು. ಎತ್ತಿನ ಬೆನ್ನಿನ ಮೇಲೆ ಗೋಣಿ ಹೇರಿಕೊಂಡು ಕೆಳಗಿನ ಕರಾವಳಿಗೆ ಹತ್ತಿ ಒಯ್ಯುತ್ತಿದ್ದರು, ಅಲ್ಲಿಂದ ಉಪ್ಪು ತರುತ್ತಿದ್ದರು. ದಾರಿಯಲ್ಲಿ ಕಳ್ಳರಿಗಿಂತ ಹೆಚ್ಚಿನ ಭಯ ಅನ್ನದ್ದಾಗಿತ್ತಂತೆ. ನಗುನಗುತ್ತ ಉಣ್ಣಿಸಿ, ಮದ್ದಿಗೆ ಮೈಮರೆತು ಮಲಗಿದವರ ಎತ್ತುಗಳನ್ನು ಹೊಡೆದುಕೊಂಡು ಹೋಗುವವರು ಆ ಕಾಲಕ್ಕೆ ಇದ್ದರು. ಹಾಗಾಗಿ ಈ ದಾರಿಯಲ್ಲಿ ಒಂದು ಪದ್ಧತಿ ಬೆಳೆಯಿತು: ರೊಟ್ಟಿ ಕೊಡುವವಳು ಅದರಿಂದ ಒಂದು ತುಂಡು ಮುರಿದು, ಉಣ್ಣುವವನ ಕಣ್ಣೆದುರಿಗೆ ತಾನು ತಿಂದು, ಆಮೇಲೆ ಅವನ ಕೈಗಿಡಬೇಕು. ಅದಕ್ಕೆ ಮೊದಲ ತುತ್ತು ಎಂದು ಹೆಸರು. ಮೊದಲ ತುತ್ತು ತಿನ್ನದವಳ ಕೈಯ ನೀರನ್ನೂ ಯಾರೂ ಕುಡಿಯುತ್ತಿರಲಿಲ್ಲ.

ನಲವತ್ತು ಎತ್ತುಗಳ ಹೇರಿಗೆ ಮುಖಂಡನಾಗಿದ್ದ ಈರಸಂಗಪ್ಪನೆಂಬವನು ಈ ಪದ್ಧತಿಯನ್ನು ಪೂಜೆಯಂತೆ ಪಾಲಿಸುತ್ತಿದ್ದ. ಅವನ ಅಣ್ಣ ಪರಸ್ಥಳದಲ್ಲಿ ಯಾರೋ ಕೊಟ್ಟ ಹುಗ್ಗಿ ಉಂಡು ಮಲಗಿದವನು ಮೇಲೆ ಏಳಲೇ ಇಲ್ಲ. ಅಂದಿನಿಂದ ಈರಸಂಗಪ್ಪ ಅನ್ನ ಬಡಿಸುವವರ ಮುಖ ನೋಡುವುದನ್ನೇ ಬಿಟ್ಟು ಅವರ ಕೈ ನೋಡತೊಡಗಿದ. ತಾನು ಕಣ್ಣಾರೆ ಮೊದಲ ತುತ್ತು ನೋಡದ ಕಡೆ ತನ್ನ ಆಳುಗಳು ಬಾಯಿಗೆ ಏನನ್ನೂ ಹಾಕಬಾರದೆಂದು ಕಟ್ಟಪ್ಪಣೆ ಮಾಡಿದ್ದ. ಅಂಥವನು ಒಂಬತ್ತು ವರ್ಷದಿಂದ ನೆಚ್ಚಿ ಉಣ್ಣುತ್ತಿದ್ದುದು ಕೊಂಚಿಹಾಳದ ಬಸರಿ ಕಟ್ಟೆಯ ನೀಲಗಂಗವ್ವನ ಕೈಯಲ್ಲಿ. ಅವಳು ಕಡಿಮೆ ಮಾತಿನವಳು. ಕಣ್ಣು ಕಾಣದ ಅತ್ತೆಯೊಬ್ಬಳನ್ನು ಬಿಟ್ಟರೆ ಮನೆಯಲ್ಲಿ ಯಾರೂ ಇರಲಿಲ್ಲ. ಗಂಡ ಯಾವುದೋ ಹೇರಿನ ಜೊತೆ ಉಪ್ಪಿಗೆಂದು ಗಟ್ಟ ಇಳಿದು ಹೋದವನು ಹತ್ತು ವರ್ಷವಾದರೂ ಬಂದಿರಲಿಲ್ಲ, ಸತ್ತ ಸುದ್ದಿಯೂ ಬಂದಿರಲಿಲ್ಲ. ಕೈತುಂಬ ಹಸಿರು ಬಳೆ ಇಟ್ಟುಕೊಂಡೇ ರೊಟ್ಟಿ ಬಡಿಯುತ್ತಿದ್ದಳು. ಅವಳ ಬದನೆಕಾಯಿಯಲ್ಲಿ ಉಪ್ಪು ಖಾರದ ಹದ ಒಂದು ದಿನವೂ ಒಂದು ಕೂದಲೆಳೆ ಆಚೀಚೆ ಆದದ್ದಿಲ್ಲ ಎನ್ನುತ್ತಾರೆ.

ಒಂದು ವೈಶಾಖದಲ್ಲಿ ಈರಸಂಗಪ್ಪನ ಹೇರು ಉಪ್ಪು ಹೊತ್ತು ಕರಾವಳಿಯಿಂದ ಮರಳುತ್ತಿತ್ತು. ಬೆಳಗಿನ ಜಾವ ಕಲ್ಲೊಡ್ಡ ದಾಟುವಾಗ ಅಲ್ಲಿಯ ಜೋಡುರೊಟ್ಟಿಯ ಫಕೀರವ್ವ ದಾರಿಗೆ ಅಡ್ಡ ಬಂದು ನಿಂತಳು. ಗುಡ್ಡದ ಎರಡು ಬುಡಗಳಲ್ಲಿ ಹೇರು ಇಳಿಸಿ ಉಣ್ಣುವುದು ಒಂದೇ ಕಡೆ. ಆ ಒಂದು ಕಡೆ ತನ್ನ ಊರಾಗಲಿಲ್ಲವೆಂಬ ಹೊಟ್ಟೆಯುರಿ ಅವಳಿಗೆ ಒಂಬತ್ತು ವರ್ಷದ್ದು. ಅವಳು ತನ್ನ ರೊಟ್ಟಿಯನ್ನು ಹೊಗಳಿಕೊಳ್ಳಲಿಲ್ಲ. ಒಂದೇ ಮಾತು ಕೇಳಿದಳು.

"ಸಾವ್ಕಾರ್ರ, ನಿಮ್ಮ ನೀಲಗಂಗವ್ವ ಬರೇ ಅಂಚ ಮುರದ ತಿಂತಾಳ. ಪಲ್ಯ ಇರೂದು ನಡುವ. ಒಂದರ ದಿನಾ ಅಕಿ ನಡುವಿಂದ ತಿಂದದ್ದ ನೋಡೀರೇನ?"

ಈರಸಂಗಪ್ಪ ಎತ್ತು ಹೊಡೆದುಕೊಂಡು ಮುಂದೆ ನಡೆದ. ಆದರೆ ಗುಡ್ಡ ಹತ್ತುವಷ್ಟು ಹೊತ್ತೂ ಆ ಮಾತು ಕಾಲಿಗೆ ಹೊಕ್ಕ ಮುಳ್ಳಿನಂತೆ ಒಳಗೊಳಗೇ ಚುಚ್ಚಿತು. ನೆನಪು ಕೆದಕಿ ನೋಡಿದ. ಅವಳ ಬೆರಳು ರೊಟ್ಟಿಯ ಅಂಚು ಮುರಿಯುತ್ತಿದ್ದುದೇ ಕಣ್ಣಿಗೆ ಬಂತು. ಕೈ ನೋಡುವವನೆಂದು ಹೆಸರಾದ ತಾನು ಇಷ್ಟು ವರ್ಷ ಏನು ನೋಡಿದೆ ಎಂದು ಅವನಿಗೆ ಅವಳಿಗಿಂತ ತನ್ನ ಮೇಲೆಯೇ ಸಿಟ್ಟು ಬಂತು. ಮಧ್ಯಾಹ್ನ ಕಟ್ಟೆಗೆ ಇಳಿದಾಗ ಎಂದಿನಂತೆ ಕೈಕಾಲು ತೊಳೆದ, ಎಂದಿನಂತೆ ಕೂತ. ನೀಲಗಂಗವ್ವ ಅಂಚು ಮುರಿದು ತಿಂದಳು, ರೊಟ್ಟಿ ಕೊಟ್ಟಳು. ಎಲ್ಲರೂ ಉಂಡರು. ಈರಸಂಗಪ್ಪ ಮಾತ್ರ ತನ್ನ ಪಾಲನ್ನು ಹರಕು ಬಟ್ಟೆಯಲ್ಲಿ ಸುತ್ತಿ ತೊಡೆಯ ಕೆಳಗೆ ಇಟ್ಟುಕೊಂಡ.

ಎತ್ತುಗಳಿಗೆ ಮತ್ತೆ ಗೋಣಿ ಏರಿಸುವ ಹೊತ್ತಿಗೆ ದ್ಯಾಮಣ್ಣನೆಂಬ ಆಳು ಕಟ್ಟೆಯ ಮೇಲಿಂದ ದೊಪ್ಪನೆ ಬಿದ್ದ. ಕಣ್ಣು ಮೇಲಾಗಿತ್ತು, ಬಾಯಲ್ಲಿ ಜೊಲ್ಲು ಸುರಿಯುತ್ತಿತ್ತು, ಕರೆದರೆ ಓ ಅನ್ನಲಿಲ್ಲ. ಒಂದೇ ಹಂಚಿನ ರೊಟ್ಟಿಯನ್ನು ಎಲ್ಲರೂ ಉಂಡಿದ್ದರು, ಬಿದ್ದವನು ಅವನೊಬ್ಬನೇ. ಹಾಗೆಂದು ಯಾರೋ ಹೇಳಿದ್ದಕ್ಕೆ ಇನ್ನೊಬ್ಬ, ಮದ್ದು ಎಲ್ಲರಿಗೂ ಒಂದೇ ಹೊತ್ತಿಗೆ ಏರುವುದಿಲ್ಲ ಎಂದ. ಅಷ್ಟು ಸಾಕಾಯಿತು. ಗಟ್ಟಿಮುಟ್ಟಾದ ಗಂಡಸರೆಲ್ಲ ಹೊಟ್ಟೆ ಒತ್ತಿ ಒತ್ತಿ ನೋಡಿಕೊಂಡರು. ಇಬ್ಬರು ಬೆರಳು ಹಾಕಿ ವಾಂತಿ ಮಾಡಿಕೊಂಡರು. ಕೊಂಚಿಹಾಳದವರೂ ಬಂದು ಕೂಡಿದರು, ಆದರೆ ತಮ್ಮೂರಿನ ಹೆಂಗಸಿನ ಪಕ್ಕಕ್ಕೆ ಯಾರೂ ಬಂದು ನಿಲ್ಲಲಿಲ್ಲ. ಅಷ್ಟೊಂದು ರುಚಿ ಬರಿಯ ಉಪ್ಪು ಹುಳಿಯಿಂದ ಹೇಗೆ ಬಂದೀತು ಎಂದು ಅವರಲ್ಲೇ ಒಬ್ಬಳು ಗೊಣಗಿದಳಂತೆ. ಈರಸಂಗಪ್ಪ ತೊಡೆಯ ಕೆಳಗಿನ ಗಂಟು ಬಿಚ್ಚಿ ತನ್ನ ಜೋಡುರೊಟ್ಟಿಯನ್ನು ಅವಳ ಮುಂದೆ ಹಿಡಿದ. ನಟ್ಟನಡುವೆ ಬೆರಳಿಟ್ಟು ತೋರಿಸಿ, ಇಲ್ಲಿ ಮುರಿದು ತಿನ್ನು ಎಂದ.

"ಅಣ್ಣಾರ, ಬ್ಯಾರೆ ಏನರ ಕೇಳ್ರಿ," ಎಂದಳು ನೀಲಗಂಗವ್ವ. "ನಡುವ ಒಂದ ಕೇಳಬ್ಯಾಡ್ರಿ."

"ಯಾಕ ಕೇಳಬಾರದು?"

ಅವಳು ನೆಲ ನೋಡಿದಳು. ಅವಳಿಗೆ ಕಾರಣ ಹೇಳುವಂತಿರಲಿಲ್ಲ, ಹೇಳದೆ ಉಳಿಯುವಂತೆಯೂ ಇರಲಿಲ್ಲ. ಅವಳ ಮೌನವನ್ನು ನೆರೆದವರೆಲ್ಲ ತಮಗೆ ಬೇಕಾದಂತೆ ಓದಿಕೊಂಡರು. ತಿನ್ನದಿದ್ದರೆ ದೇಸಾಯರ ಚಾವಡಿಗೆ ಒಪ್ಪಿಸುತ್ತೇನೆ, ಅಲ್ಲಿ ಹೇಳುವೆಯಂತೆ ಎಂದ ಈರಸಂಗಪ್ಪ. ಮದ್ದು ಹಾಕಿದಳೆಂಬ ಹೆಸರು ಹೊತ್ತು ಆ ಚಾವಡಿಯ ಮೆಟ್ಟಿಲು ಹತ್ತಿದ ಹೆಂಗಸು ಮರಳಿ ಬಂದದ್ದನ್ನು ಯಾರೂ ಕಂಡಿರಲಿಲ್ಲ. ನೀಲಗಂಗವ್ವ ತನ್ನ ಗುಡಿಸಿಲ ಬಾಗಿಲ ಕಡೆ ಒಮ್ಮೆ ನೋಡಿದಳು. ಕುರುಡಿ ಅತ್ತೆ ಹೊಸ್ತಿಲಲ್ಲಿ ಕೂತು, ಗದ್ದಲ ಯಾತರದೆಂದು ತಿಳಿಯದೆ, ಬರಿಗೈಯಿಂದ ಗಾಳಿಯನ್ನು ತಡವುತ್ತಿದ್ದಳು. ತಾನು ಹೋದರೆ ಆ ಕೈಗೆ ರೊಟ್ಟಿ ಇಡುವವರಿಲ್ಲ. ಅವಳು ಈರಸಂಗಪ್ಪನ ಕೈಯಿಂದ ಜೋಡುರೊಟ್ಟಿ ಇಸಿದುಕೊಂಡು, ನಡುವೆ ಮುರಿದು, ಎಣ್ಣೆ ಸೋರುವ ಒಂದು ತುಂಡನ್ನು ಬಾಯಿಗಿಟ್ಟುಕೊಂಡಳು. ಬಹಳ ಹೊತ್ತು ಅಗಿದಳು. ನುಂಗಿದಳು. ಆಮೇಲೆ ಕಟ್ಟೆಯ ಕಲ್ಲಿನ ಮೇಲೆ ಎರಡೂ ಕೈ ಊರಿ, ಬಳೆಗಳನ್ನು ಒಂದೊಂದಾಗಿ ಕಲ್ಲಿಗೆ ಬಡಿದು ಒಡೆದಳು.

ನೆರೆದವರಿಗೆ ಇದೇನೆಂದು ತಿಳಿಯಲಿಲ್ಲ. ಮದ್ದು ತಲೆಗೇರಿತು ಎಂದು ಹಿಂದೆ ಸರಿದರು. ಹೊಸ್ತಿಲಿನಿಂದ ಅತ್ತೆ ಕೂಗಿದಳು:

"ತಂಗೀ, ಬಳಿ ಯಾಕ ಒಡದಿ?"

"ಉಪ್ಪು ತಿಂದೆ ಅತ್ತಿ," ಎಂದಳು ನೀಲಗಂಗವ್ವ. "ಇನ್ನ ಅವರು ಬರಂಗಿಲ್ಲ."

ಮುದುಕಿ ಎದೆ ಬಡಿದುಕೊಂಡು ಅಳುತ್ತ ಹೇಳಿದ್ದರಿಂದ ಉಳಿದದ್ದು ಜನಕ್ಕೆ ತಿಳಿಯಿತು. ಉಪ್ಪಿಗೆ ಹೋದ ಗಂಡ ತಿರುಗಿ ಬರುವವರೆಗೆ ಉಪ್ಪು ಮುಟ್ಟುವುದಿಲ್ಲ ಎಂದು ನೀಲಗಂಗವ್ವ ಹರಕೆ ಹೊತ್ತಿದ್ದಳು. ಹರಕೆಯನ್ನು ಹೊರಗಿನವರಿಗೆ ಬಾಯಿಬಿಟ್ಟು ಹೇಳಿದರೆ ಅದು ಫಲಿಸುವುದಿಲ್ಲ, ಮುರಿದರೆ ಹೋದವನು ಉಳಿಯುವುದಿಲ್ಲ ಎಂಬುದು ಆ ಮನೆಯವರ ನಂಬಿಕೆ. ಜೋಳದ ರೊಟ್ಟಿಯ ಹಿಟ್ಟಿಗೆ ಉಪ್ಪು ಹಾಕುವುದಿಲ್ಲ; ಪಲ್ಯದ ಎಣ್ಣೆ ಅಂಚಿನವರೆಗೆ ಹರಿಯುವುದಿಲ್ಲ. ಅಂಚು ಮುರಿದರೆ ದಾರಿಯ ಪದ್ಧತಿಯೂ ಉಳಿಯುತ್ತಿತ್ತು, ಹರಕೆಯೂ ಉಳಿಯುತ್ತಿತ್ತು. ಈ ಸೀಮೆಯ ಬಾಯಿಗೆಲ್ಲ ಹದವಾಗಿ ಉಪ್ಪು ಹಾಕಿದವಳು ಹತ್ತು ವರ್ಷ ತಾನು ಅದರ ರುಚಿ ನೋಡಿರಲಿಲ್ಲ.

ಇಷ್ಟು ಕೇಳಿದ ಮೇಲೂ ಅಲ್ಲಿದ್ದವರು ಅವಳನ್ನು ನಂಬಿದರೆಂದು ತಿಳಿಯಬಾರದು. ಮದ್ದು ಅವಳನ್ನು ಕೆಡವುತ್ತದೆಯೋ ಇಲ್ಲವೋ ನೋಡೋಣವೆಂದು ಹೊತ್ತು ಇಳಿಯುವವರೆಗೆ ಕಾದು ಕೂತರು. ಈರಸಂಗಪ್ಪನೂ ಕೂತ. ಅವಳು ಬೀಳಲಿಲ್ಲ, ಒಡೆದ ಬಳೆಚೂರುಗಳನ್ನು ಗುಡಿಸಿ ತೆಗೆದು, ಅತ್ತೆಗೆ ರೊಟ್ಟಿ ಬಡಿಯಲು ಹಿಟ್ಟು ಕಲಸಿದಳು. ಹೊತ್ತು ಇಳಿಮೊಗವಾದಾಗ ದ್ಯಾಮಣ್ಣ ಕಣ್ಣು ಬಿಟ್ಟು ನೀರು ಕೇಳಿದ. ಏನು ತಿಂದೆ ಹೇಳು ಎಂದು ಈರಸಂಗಪ್ಪ ಅವನ ಜುಟ್ಟು ಹಿಡಿದ. ಸಂಗತಿ ಹೊರಬಿತ್ತು. ಯಾವ ಊರಿನ ಜೋಡುರೊಟ್ಟಿ ಹೆಚ್ಚು ಎಂದು ಆಳುಗಳಲ್ಲಿ ಹಟದ ಮಾತು ಬೆಳೆದಿತ್ತಂತೆ. ಒಂದೇ ದಿನ ಎರಡನ್ನೂ ತಿಂದವನೇ ತೀರ್ಪು ಹೇಳಬಲ್ಲ ಎಂದು ದ್ಯಾಮಣ್ಣ ನಸುಕಿನಲ್ಲಿ ಮುಖಂಡನ ಕಣ್ಣು ತಪ್ಪಿಸಿ ಕಲ್ಲೊಡ್ಡದಲ್ಲಿ ಆರು ತಿಂದು, ಉರಿಬಿಸಿಲಲ್ಲಿ ಗುಡ್ಡ ಹತ್ತಿಳಿದು, ಇಲ್ಲಿ ಮತ್ತೆ ಆರು ತಿಂದಿದ್ದ.

"ತಪ್ಪಾತ್ರಿ ಧಣ್ಯಾರ," ಎಂದು ಅವನು ಕಾಲು ಹಿಡಿದ. "ಆದರ ಹೆಚ್ಚಿಂದು ಇಲ್ಲೀದ."

ಯಾರೂ ನಗಲಿಲ್ಲ.

ಈರಸಂಗಪ್ಪ ಮರುದಿನ ಹೇರನ್ನು ತಂಗಿಯ ಮಗನಿಗೆ ಒಪ್ಪಿಸಿ ಕಳಿಸಿದ, ತಾನು ಹೋಗಲಿಲ್ಲ. ಇನ್ನು ಮುಂದೆ ಈ ಕಟ್ಟೆಯಲ್ಲಿ ಮೊದಲ ತುತ್ತು ತಾನು ತಿನ್ನುತ್ತೇನೆ, ಅವಳನ್ನು ಯಾರೂ ಕೇಳಕೂಡದು ಎಂದು ಬಂದವರಿಗೆಲ್ಲ ಸಾರಿದ. ನೀಲಗಂಗವ್ವ ಇರು ಅನ್ನಲಿಲ್ಲ, ಹೋಗು ಅನ್ನಲಿಲ್ಲ. ಪ್ರತಿ ಜೋಡುರೊಟ್ಟಿಯ ನಟ್ಟನಡುವಿನಿಂದ ಒಂದು ತುಂಡು ಮುರಿದು ಅವನ ಮುಂದಿನ ಕಲ್ಲಿನ ಮೇಲೆ ಇಡುತ್ತಿದ್ದಳು. ಅವನು ಅಗಿದು ನುಂಗುವವರೆಗೆ ಅವನ ಗಂಟಲಿನಿಂದ ಕಣ್ಣು ತೆಗೆಯುತ್ತಿರಲಿಲ್ಲ. ಹೀಗೆ ಇಪ್ಪತ್ತು ವರ್ಷ ನಡೆಯಿತು ಎನ್ನುತ್ತಾರೆ. ಅವರಿಬ್ಬರು ಒಂದು ಮಾತು ಆಡಿದ್ದನ್ನೂ ಕೇಳಿದವರಿಲ್ಲ. ಕೊಂಚಿಹಾಳದವರು ಅವನು ಮಾಡಿದ್ದು ಪ್ರಾಯಶ್ಚಿತ್ತ ಎನ್ನುತ್ತಾರೆ. ಕಲ್ಲೊಡ್ಡದವರು ಒಪ್ಪುವುದಿಲ್ಲ; ಸಾಯುವವರೆಗೂ ಅವನಿಗೆ ಅವಳ ಮೇಲಿನ ಅನುಮಾನ ಹೋಗಲಿಲ್ಲ, ಅದಕ್ಕೇ ಕಾವಲು ಕೂತ ಎನ್ನುತ್ತಾರೆ. ರುಚಿಯ ವಾದಕ್ಕೂ ಅವರ ಬಳಿ ಉತ್ತರವಿದೆ. ಉಪ್ಪಿನ ರುಚಿ ನೋಡಿದ ದಿನದಿಂದ ನೀಲಗಂಗವ್ವ ತನ್ನ ಕೈಯನ್ನೇ ನಂಬದಾದಳಂತೆ. ಹಾಕಿದ್ದಕ್ಕೆ ಮತ್ತೆ ಹಾಕುವಳು, ಹೆಚ್ಚಾಯಿತೆಂದು ನೀರು ಬೆರೆಸುವಳು, ಆ ಹಳೆಯ ಹದ ಮತ್ತೆ ಬರಲೇ ಇಲ್ಲವಂತೆ. ಇದನ್ನು ಕೊಂಚಿಹಾಳದವರ ಎದುರು ಹೇಳಿದರೆ ಅವರು ಸಿಟ್ಟಾಗುತ್ತಾರೆ, ಸುಳ್ಳು ಎಂದು ಮಾತ್ರ ಹೇಳುವುದಿಲ್ಲ.

ಈರಸಂಗಪ್ಪ ತೀರಿಕೊಂಡ ಮರುದಿನವೂ ನೀಲಗಂಗವ್ವ ನಡುವಿನ ತುಂಡು ಮುರಿದು ಅವನ ಮುಂದಿನ ಅದೇ ಕಲ್ಲಿನ ಮೇಲಿಟ್ಟು, ತಿನ್ನುವವರು ಬರಲೆಂದು ಕಾದು ನಿಂತಳಂತೆ. ಆ ಕಲ್ಲು ಇಂದಿಗೂ ಇದೆ. ಎಣ್ಣೆ ಕುಡಿದು ಕುಡಿದು ಕಪ್ಪಾಗಿದೆ, ನಡುವೆ ಅಂಗೈಯಷ್ಟು ತಗ್ಗು ಬಿದ್ದಿದೆ. ಖಾನಾವಳಿಯವರು ದಿನದ ಮೊದಲ ಜೋಡುರೊಟ್ಟಿಯ ನಡುವಿನ ತುಂಡನ್ನು ಆ ತಗ್ಗಿನಲ್ಲಿ ಇಡುತ್ತಾರೆ. ಬಸ್ಸಿಳಿದ ಪರವೂರಿನವರು ದೇವರೆಂದು ಕೈ ಮುಗಿಯುತ್ತಾರೆ, ಅಲ್ಲಿ ದೇವರಿಲ್ಲ. ಬಸರಿಯ ಕೊಂಬೆಯಿಂದ ಒಂದು ಕಾಗೆ ಇಳಿದು ಕಲ್ಲಿನ ತುದಿಗೆ ಕೂರುತ್ತದೆ. ಕತ್ತು ಓರೆ ಮಾಡಿ ತುಂಡನ್ನು ನೋಡುತ್ತದೆ, ಜನರನ್ನು ನೋಡುತ್ತದೆ, ಒಂದು ಹೆಜ್ಜೆ ಹಿಂದೆ ಸರಿದು ಮತ್ತೆ ನೋಡುತ್ತದೆ. ಅದು ಮುಟ್ಟುವವರೆಗೆ ಕೊಂಚಿಹಾಳದವರು ಯಾರೂ ಕೈಯಲ್ಲಿರುವ ರೊಟ್ಟಿಯನ್ನು ಬಾಯಿಗೆ ಒಯ್ಯುವುದಿಲ್ಲ.